ಆರು ದಾಟಿ ಎಡಕ್ಕೆ

ಹೋದ ವಾರ ನನ್ನ ಮಗಳು ನನ್ನನ್ನು ಸುಳ್ಳಿ ಎಂದಳು.

ಎಂಟು ವರ್ಷದ ಹುಡುಗಿ. ಬಾಯಲ್ಲಿ ತುತ್ತು ಇಟ್ಟುಕೊಂಡೇ ಕೇಳಿದಳು: "ಅಮ್ಮ, ನಿಂಗೆ ನಿಜವಾಗ್ಲೂ ಈಜು ಬರುತ್ತಾ? ಇಲ್ಲಾ ಸುಮ್ನೆ ಹೇಳ್ತೀಯಾ?"

"ಸುಮ್ನೆ ಹೇಳ್ತೀನಿ ಅಂತ ಯಾರಂದೋರು?"

"ಎಲ್ಲಾರೂ."

ಎಲ್ಲರೂ ಎಂದರೆ ನಮಗೆ ಮನೆ ಕೊಟ್ಟಿರುವ ಗೌಡರ ಕಡೆಯವರು. ಮೊದಲಿಂದ ಓದುತ್ತಿರುವ ನಿಮಗೆ ಅವರೆಲ್ಲ ಪರಿಚಿತರೇ. ಹೊಸಬರಿಗಾಗಿ ಎರಡು ಮಾತು. ನಾನು ಶ್ರೀರಂಗಪಟ್ಟಣದವಳು. ಈಗಿರುವುದು ಮಧುರೆ ಜಿಲ್ಲೆಯ ತೇವಾರಂನಲ್ಲಿ, ಬೆಟ್ಟದ ಬುಡದಲ್ಲಿ. ನಮ್ಮವರು ಸರ್ವೇ ಇಲಾಖೆಯಲ್ಲಿ ನಕ್ಷೆ ಬರೆಯುತ್ತಾರೆ. ಮೇಲೆ ಪೆರಿಯಾರಿಗೆ ಅಣೆಕಟ್ಟು ಏಳುತ್ತಿದೆಯಲ್ಲ, ಅದರ ನೀರು ಕಣಿವೆಗೆ ಇಳಿದ ಮೇಲೆ ಎಲ್ಲೆಲ್ಲಿ ಹರಿಯಬೇಕೆಂದು ಗೆರೆ ಎಳೆಯುವ ಕೆಲಸ. ನಾವು ವಾಸವಿರುವುದು ಗೌಡರ ಮನೆಯ ಹಿಂದಿನ ಎರಡು ಅಂಕಣದಲ್ಲಿ. (ಈ ಅಂಕಣ ಬರೆಯುವುದೂ ಅಲ್ಲೇ ಕುಳಿತು.) ಗೌಡರ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ನಮ್ಮ ಸೀಮೆಯಿಂದ ಬಂದು ನೆಲೆನಿಂತವರು. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಮನೆಯಲ್ಲಿ ಗೌಡರು, ಅವರ ಹೆಂಡತಿ ರಂಗಕ್ಕ, ತಾಯಿ ಕೆಂಚಮ್ಮಜ್ಜಿ.

ಬಂದ ಹೊಸತರಲ್ಲಿ ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಾ ನಾನು ಬಾಯಿಬಿಟ್ಟೆ. ಇದೇನು ನೀರು, ಮೊಣಕಾಲಿಗೂ ಬರುವುದಿಲ್ಲ, ನಾನು ಕಾವೇರಿಯಲ್ಲಿ ಈಜಿದವಳು ಎಂದೆ. ಕೆಂಚಮ್ಮಜ್ಜಿ ಸೀರೆ ಹಿಂಡುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಗಂಡಸು ಈಸ್ತಾನೆ, ಎಮ್ಮೆ ಈಸ್ತದೆ. ಹೆಂಗಸು ಎಲ್ಲಾದ್ರೂ ಈಸೋದುಂಟಾ ತಾಯೀ?"

ಅಂದಿನಿಂದ ಶುರು. ಅಂಗಳದಲ್ಲಿ ಮಳೆನೀರು ನಿಂತರೆ "ಮೈಸೂರವ್ವನ್ನ ಕರೀರಿ, ಈಸ್ತಾರೆ" ಎಂದು ರಂಗಕ್ಕ ಕೂಗುತ್ತಾಳೆ. ಹಂಡೆ ತುಂಬಿದರೆ ಅದೇ ಮಾತು. ನಾನೂ ನಗುತ್ತಿದ್ದೆ. ಎರಡು ವರ್ಷ ನಕ್ಕೆ. ಆದರೆ ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ಅನುಮಾನದಿಂದ ನೋಡಿದರೆ ನಗು ಎಲ್ಲಿಂದ ಬರಬೇಕು?

ನಿಜ ಹೇಳಿಬಿಡುತ್ತೇನೆ. ನನಗೇ ಅನುಮಾನ ಹುಟ್ಟಿತ್ತು. ಚಿಕ್ಕವಳಿದ್ದಾಗ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಸೋದರಮಾವ ಹೊಳೆಗೆ ತಳ್ಳಿದ್ದು ನೆನಪಿದೆ. ಬುರುಡೆ ಬಿಚ್ಚಿದ ಮೇಲೂ ಮುಳುಗದೆ ಇದ್ದದ್ದು ನೆನಪಿದೆ. ಆದರೆ ಮದುವೆಯಾಗಿ ಹತ್ತು ವರ್ಷ. ಹತ್ತು ವರ್ಷದಿಂದ ಸೊಂಟದ ಮೇಲೆ ನೀರು ಕಂಡವಳಲ್ಲ. ಹೆಣ್ಣು ನೀರಿಗಿಳಿದಳು ಎಂದರೆ ನಮ್ಮ ಊರುಗಳಲ್ಲಿ ಅದಕ್ಕೆ ಬೇರೆಯದೇ ಅರ್ಥ, ಕೂಡಲೇ ನಾಲ್ಕು ಜನ ಹಗ್ಗ ಹಿಡಿದು ಓಡಿಬರುತ್ತಾರೆ. ಬಾರದ ವಿದ್ಯೆಯನ್ನು ಬರುತ್ತದೆ ಎಂದು ಹೇಳಿಕೊಂಡು ತಿರುಗುತ್ತಿದ್ದೇನೆಯೇ ನಾನು?

ಅಷ್ಟರಲ್ಲಿ ಪೊಂಗಲ್ ಬಂತು. ಹಬ್ಬದ ಕಡೆಯ ದಿನ ಇಲ್ಲಿ ಯಾರೂ ಮನೆಯಲ್ಲಿ ಕೂರುವುದಿಲ್ಲ. ಹುಳಿ ಕಲಸಿದ ಅನ್ನ ಕಟ್ಟಿಕೊಂಡು (ಕಟ್ಟುಸೋರು ಎನ್ನುತ್ತಾರೆ) ನೀರಿರುವ ಕಡೆ ಹೊರಟುಬಿಡುತ್ತಾರೆ. ಕೊಡೈಕಾನಲ್‌ನಲ್ಲಿ ದೊರೆಗಳು ಇದನ್ನೇ ಪಿಕ್‌ನಿಕ್ ಎಂದು ಮಾಡುತ್ತಾರಂತೆ. ಅವರಿಗೆ ಛತ್ರಿ ಹಿಡಿಯಲು ಆಳಿರುತ್ತಾರೆ, ನಮಗಿಲ್ಲ. ಅಷ್ಟೇ ವ್ಯತ್ಯಾಸ.

ಈ ಸಲ ಎಲ್ಲಿಗೆ? ಬೆಟ್ಟದ ಮಗ್ಗುಲಲ್ಲಿ ಒಂದು ಜಲಪಾತವಿದೆ, ಅದರ ಕೆಳಗೆ ದೊಡ್ಡ ಮಡುವಿದೆ, ಅಲ್ಲಿಗೆ ಹೋಗೋಣ ಎಂದರು ಗೌಡರು. ಮಡು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಮೊರ ಕೆಳಗಿಟ್ಟೆ.

"ಆಳವಾ ಅಜ್ಜಿ?"

"ಆನೆ ಮುಳುಗ್ತದೆ. ಆದ್ರೆ ಅದು ಏಳು ಕನ್ನಿಯರು ಅಂತ ದೇವತೆಗಳ ಮಡು ತಾಯೀ. ಗಂಡಸ್ರು ಕಾಲಿಕ್ಕಂಗಿಲ್ಲ. ಕೆಳಗೆ ಹರಿಯೋ ನೀರ್ನಲ್ಲಿ ಎಷ್ಟಾರ ಬಿದ್ದು ಹೊರಳ್ಲಿ, ಮಡುಗೆ ಮಾತ್ರ ಇಳಿಯಂಗಿಲ್ಲ."

"ಹೆಂಗಸರು?"

"ಹೆಂಗಸ್ರು ಇಳೀಬೌದು. ಕಾಲು ನೆನೆಸ್ಕಂಡು ಬರ್ತೀವಿ."

ಅರ್ಥವಾಯಿತೇ? ಈಜು ಬರುವವರಿಗೆ ಅಪ್ಪಣೆಯಿಲ್ಲ, ಅಪ್ಪಣೆ ಇರುವವರಿಗೆ ಈಜು ಬಾರದು. ಅಷ್ಟು ದೊಡ್ಡ ಮಡು ಯಾರ ಉಪಯೋಗಕ್ಕೂ ಇಲ್ಲದೆ ಅಲ್ಲಿ ಬಿದ್ದುಕೊಂಡಿದೆ! ನಾನು ಅವತ್ತೇ ತೀರ್ಮಾನ ಮಾಡಿದೆ. ಮುಳುಗಿದರೆ ಮುಳುಗಿದೆ. ಈಜಿಯೇ ತೀರಬೇಕು, ಮಗಳು ನೋಡಬೇಕು.

ಇನ್ನು ನಮ್ಮವರ ತಯಾರಿ. ಗೌಡರ ಮನೆಯಲ್ಲಿ ಪ್ರಯಾಣ ಎಂದರೆ ಗಾಡಿ ಹೂಡುವುದು, ಬುತ್ತಿ ಇಡುವುದು, ಹತ್ತುವುದು. ಇವರಿಗೆ ಹಾಗಾಗುವುದಿಲ್ಲ. ಮೊದಲು ಲಿಸ್ಟ್ ಆಗಬೇಕು. ಛತ್ರಿ, ಕಂಪಾಸ್, ಕ್ವಿನೈನ್, ಎರಡು ಬಗೆಯ ಪೆನ್ಸಿಲ್. (ಜಲಪಾತಕ್ಕೆ ಪೆನ್ಸಿಲ್ ಏಕೆ ಎಂದು ಕೇಳಿದೆ. "ನಿನಗೆ ಗೊತ್ತಾಗಲ್ಲ" ಎಂದರು.) ಆಮೇಲೆ ಪ್ಲಾನ್. ಇವರ ಭಾಷೆಯಲ್ಲಿ ಪ್ಲಾನ್ ಎಂದರೆ ಯೋಚನೆಯಲ್ಲ, ನಕ್ಷೆ. ಸರ್ವೇ ಶೀಟಿನಲ್ಲಿ ಆ ಜಲಪಾತವೇ ಇಲ್ಲ, ಆದ್ದರಿಂದ ಹೊಸದಾಗಿ ಬರೆಯಬೇಕು. "ನೀನು ಹೋಗಿ ಅಜ್ಜಿಯಿಂದ ದಾರಿ ಕೇಳಿಕೊಂಡು ಬಾ" ಎಂದು ನನ್ನನ್ನು ಅಟ್ಟಿದರು.

ಅಜ್ಜಿ ಅವರೆಕಾಯಿ ಬಿಡಿಸುತ್ತಿದ್ದರು. ನಾನು ಕನ್ನಡದಲ್ಲೇ ಕೇಳಿದೆ, ಅವರು ಕನ್ನಡದಲ್ಲೇ ಹೇಳಿದರು.

"ಹುಣಸೆತೋಪಿಂದ ನೇರಾ ಹೋಗ್ರಿ. ಆರು ತಾಂಡ್ಬುಟ್ಟು ಎಡಗೈ ಪಕ್ಕ ತಿರುಗ್ರಿ. ಅಲ್ಲಿಂದ ಸುಳುವು ದಾರಿ. ಬಸುರಿ ಹೆಂಗಸೂ ಹೋಗ್ತಾಳೆ."

ತಾಂಡುವುದು ಎಂದರೆ ದಾಟುವುದು, ಅಷ್ಟು ಇಲ್ಲಿ ನಾನು ಕಲಿತಿದ್ದೇನೆ. ಆದರೂ ಖಾತ್ರಿ ಮಾಡಿಕೊಳ್ಳಬೇಕಲ್ಲ? "ಆರು ಅಂದ್ರಲ್ಲ ಅಜ್ಜಿ, ಆರೇ ತಾನೆ?"

"ಆರೇ."

"ನೀರಿರುತ್ತಾ?"

"ಆರಲ್ಲಿ ನೀರಿಲ್ದೆ ಇರ್ತದಾ?" ಎಂದು ನಕ್ಕರು.

ಬಂದು ಒಪ್ಪಿಸಿದೆ: ಆರು ಹಳ್ಳ, ಆರಲ್ಲೂ ನೀರು, ಆಮೇಲೆ ಎಡಕ್ಕೆ. ಇವರು ನೀಲಿ ಶಾಯಿಯಲ್ಲಿ ಆರು ಗೆರೆ ಎಳೆದು, ಒಂದು, ಎರಡು, ಮೂರು ಎಂದು ನಂಬರು ಹಾಕಿದರು. ನೋಡಲು ಬಹಳ ಚೆಂದವಾಗಿತ್ತು.

ಹಬ್ಬದ ಕಡೆಯ ದಿನ ಬಂತು. ಗೌಡರ ಮನೆಯಲ್ಲಿ ಅಡುಗೆ ಮುಗಿದು ಗಾಡಿ ಹೊರಡುವುದು ತಡವಾಗುತ್ತದೆ, ನಾವು ತಂಪು ಹೊತ್ತಿನಲ್ಲೇ ನಡೆದು ಮುಂದೆ ಹೋಗೋಣ, ನಕ್ಷೆ ಇದೆಯಲ್ಲ ಎಂದರು ಇವರು. ನಾನು, ಇವರು, ಮಗಳು ಹೊರಟೆವು. ಊಟವೆಲ್ಲ ಗಾಡಿಯಲ್ಲಿ ಹಿಂದೆ. ನಮ್ಮ ಕೈಯಲ್ಲಿ ಒಂದು ಚೆಂಬು ನೀರು, ಒಂದು ಛತ್ರಿ, ಎರಡು ಪೆನ್ಸಿಲ್.

ಹುಣಸೆತೋಪು ದಾಟಿ ಸ್ವಲ್ಪ ದೂರಕ್ಕೇ ಮೊದಲನೆಯದು ಸಿಕ್ಕಿತು. ಹಳ್ಳವೇನು ಬಂತು, ಹೊಳೆಯೇ. ಅಗಲವಾಗಿ, ಕಲ್ಲುಗಳ ನಡುವೆ ಸದ್ದು ಮಾಡುತ್ತಾ ಹರಿಯುತ್ತಿತ್ತು. ದಾಟಿದೆವು. ಆಚೆ ದಡದಲ್ಲಿ ಎಡಗಡೆಗೆ ಗಾಡಿ ಜಾಡು ಬಿದ್ದ ಸಲೀಸಾದ ದಾರಿ.

"ಅಪ್ಪಾ, ಇಲ್ಲೇ ಎಡಕ್ಕೆ ದಾರಿ ಇದೆ" ಎಂದಳು ಮಗಳು.

"ಇದು ಒಂದನೇದು ಪುಟ್ಟೀ" ಎಂದು ಇವರು ನಕ್ಷೆಯಲ್ಲಿ ಗುರುತು ಹಾಕಿ ನೇರ ನಡೆದರು.

ಎರಡನೆಯದು ಬಂತು. ಮೂರನೆಯದರಲ್ಲಿ ಬರೀ ಮರಳು. ನೀರಿಲ್ಲದ ಹಳ್ಳವನ್ನು ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಎಂದು ಗಂಡ ಹೆಂಡತಿಗೆ ನಡುದಾರಿಯಲ್ಲಿ ವಾಗ್ವಾದ. ಆರಲ್ಲೂ ನೀರಿರುತ್ತದೆ ಎಂದು ಅಜ್ಜಿ ಹೇಳಿದ್ದಾರೆ, ಆದ್ದರಿಂದ ಇದು ಹಳ್ಳವಲ್ಲ ಎಂದೆ ನಾನು. ಇವರು ಒಪ್ಪಿದರು. ಮದುವೆಯಾದ ಮೇಲೆ ಇವರು ನನ್ನ ಮಾತು ಒಪ್ಪಿದ್ದು ಅದೇ ಮೊದಲಿರಬೇಕು, ಅದೂ ತಪ್ಪು ಮಾತು! ಹೀಗೆ ಎಣಿಸುತ್ತಾ ಎಣಿಸುತ್ತಾ ಐದಾಯಿತು. ಆರನೆಯದು ಸಿಗಲೊಲ್ಲದು. ಬಿಸಿಲೇರಿತು. ಚೆಂಬು ಖಾಲಿಯಾಯಿತು. ಕಡೆಗೆ ಒಂದು ಬಂಡೆಯ ಮೇಲೆ ಒರತೆಯ ನೀರು ಅಂಗೈ ಅಗಲಕ್ಕೆ ಹರಿಯುತ್ತಿತ್ತು.

"ಆರು!" ಎಂದು ಕೂಗಿದರು ಇವರು. ಹೊಸ ದೇಶ ಕಂಡುಹಿಡಿದವರ ಹಾಗೆ ಎದೆಯುಬ್ಬಿಸಿ ಎಡಕ್ಕೆ ತಿರುಗಿದರು.

ಎಡಕ್ಕೆ ದಾರಿಯೇ ಇರಲಿಲ್ಲ. ಮುಳ್ಳು ಪೊದೆ, ಕಲ್ಲು, ಮತ್ತೆ ಮುಳ್ಳು ಪೊದೆ. ನಾಲ್ಕು ಕಾಲಿನಲ್ಲಿ ಹತ್ತಿದೆವು, ಕುಂಡೆಯ ಮೇಲೆ ಜಾರಿ ಇಳಿದೆವು. ನನ್ನ ಸೆರಗು ಮೂರು ಕಡೆ ಹರಿಯಿತು. ಛತ್ರಿ ಯಾವುದೋ ಕೊರಕಲಿಗೆ ಬಿತ್ತು. ಈ ದಾರಿಯಲ್ಲಿ ಬಸುರಿ ಹೆಂಗಸೂ ಹೋಗುತ್ತಾಳಂತೆ! ಈ ಊರಿನ ಬಸುರಿಯರು ಎಂಥವರಿರಬೇಕು ಎಂದು ನಾನು ದಾರಿಯುದ್ದಕ್ಕೂ ಯೋಚಿಸಿದೆ. ಮಗಳು ಹಸಿವೆಂದು ಅಳಲು ಶುರುಮಾಡಿದಳು.

ಆಗ ನೀರಿನ ಭೋರ್ಗರೆತ ಕೇಳಿಸಿತು.

ಪೊದೆ ಸರಿಸಿದರೆ ಎದುರಿಗೇ ಜಲಪಾತ. ಬಂಡೆಯಿಂದ ಬಂಡೆಗೆ ಬಿದ್ದು ಬೆಳ್ಳಗೆ ನೊರೆಯಾಗಿ ಇಳಿಯುತ್ತಿತ್ತು. ಅದರ ಬುಡದಲ್ಲಿ ಮಡು, ಹಸಿರು ಕಪ್ಪು ಬಣ್ಣದ ನೀರು. ನಾವು ನಿಂತದ್ದು ಮಡುವಿನ ಅಂಚಿನ ಒಂದು ಚಪ್ಪಟೆ ಬಂಡೆಯ ಮೇಲೆ. ಮಡುವಿನ ಆಚೆ ದಡದಲ್ಲಿ ಮರದ ನೆರಳು, ನೆರಳಿನಲ್ಲಿ ಗೌಡರ ಗಾಡಿ, ಕೊಂಬಿಗೆ ಹಬ್ಬದ ಬಣ್ಣ ಬಳಿದ ಎತ್ತುಗಳು, ಚಾಪೆ, ಚಾಪೆಯ ಮೇಲೆ ಕಾಲು ಚಾಚಿ ಕುಳಿತ ಕೆಂಚಮ್ಮಜ್ಜಿ. ಅವರು ಬಂದು ಬಹಳ ಹೊತ್ತಾಗಿತ್ತು. ಹುಳಿಯನ್ನದ ವಾಸನೆ ಮಾತ್ರ ಮಡು ದಾಟಿ ನಮ್ಮ ಕಡೆಗೆ ಬರುತ್ತಿತ್ತು.

"ಆ ಪಕ್ಕ ಯಾಕ್ ಹೋದ್ರಿ?" ಅಜ್ಜಿ ಕೂಗಿದರು. ನೀರಿನ ಸದ್ದಿನಲ್ಲಿ ಅರ್ಧ ಕೇಳಿಸಿತು, ಅರ್ಧ ಇಲ್ಲ.

"ನೀವೇ ಹೇಳಿದ್ರಲ್ಲ! ಆರು ದಾಟಿ ಎಡಕ್ಕೆ ಅಂತ!"

"ಊಂ! ಒಂದ್ ಆರು!"

"ಒಂದಾ? ಆರಾ?"

"ಒಂದೇ ಆರು!"

"ಒಂದೋ ಆರೋ ಸರಿಯಾಗಿ ಹೇಳೋಕೆ ಹೇಳು ಆ ಮುದುಕಿಗೆ!" ಎಂದು ಇವರು ನನ್ನ ಮೇಲೆ ರೇಗಿದರು.

ಆಗ ನನಗೆ ಹೊಳೆಯಿತು. ಬಂಡೆಯ ಮೇಲೆ ಕುಸಿದು ಕುಳಿತೆ.

ತಮಿಳಿನಲ್ಲಿ ಆರು ಎಂದರೆ ಹೊಳೆ! ಅಂಕಿಯೂ ಹೌದು, ಹೊಳೆಯೂ ಹೌದು. ಈ ಕಣಿವೆಯ ಕನ್ನಡಿಗರ ಮಾತಿನೊಳಕ್ಕೆ ಅದು ಯಾವ ಕಾಲದಲ್ಲೋ ಸದ್ದಿಲ್ಲದೆ ಬಂದು ಕೂತಿದೆ. ಅಜ್ಜಿ ಹೇಳಿದ್ದು ಹೊಳೆ ದಾಟಿ ಎಡಕ್ಕೆ ತಿರುಗಿ ಎಂದು. ಒಂದೇ ಹೊಳೆ, ನಾವು ಮೊದಲು ದಾಟಿದ್ದು, ಆ ಗಾಡಿ ಜಾಡಿನ ದಾರಿ. ನನಗೆ ತಮಿಳು ಬರುತ್ತದೆ. ತಮಿಳಿನಲ್ಲಿ ಕೇಳಿದ್ದರೆ ತಪ್ಪುತ್ತಿರಲಿಲ್ಲ. ಕನ್ನಡದಲ್ಲಿ ಕೇಳಿದೆ, ಕೆಟ್ಟೆ.

ನನ್ನದು ಹೋಗಲಿ. ಇವರು? ದಿನ ಬೆಳಗಾದರೆ ಪೆರಿಯಾರು ಪೆರಿಯಾರು ಎಂದು ನಕ್ಷೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುವವರಿಗೆ, ಪೆರಿಯ ಆರು ಎಂದರೆ ದೊಡ್ಡ ಹೊಳೆ ಎಂದು ತಿಳಿಯಬೇಡವೇ? "ದೊಡ್ಡ ಆರು" ಎಂದುಕೊಂಡಿದ್ದರೇ ಇಷ್ಟು ದಿನ?

ನಾವು ಎಣಿಸಿದ್ದ ಹಳ್ಳಗಳಲ್ಲಿ ಒಂದು ಅದೇ ಹೊಳೆಯಂತೆ, ಬೆಟ್ಟ ಬಳಸಿಕೊಂಡು ಮತ್ತೆ ಅಡ್ಡ ಬಂದದ್ದು. ಅದನ್ನೇ ಎರಡನೆಯ ಸಲ ದಾಟಿ ತಪ್ಪು ದಡಕ್ಕೆ ಹೋಗಿದ್ದೆವು.

ಗೌಡರು ನೀರಿನ ಅಂಚಿಗೆ ಬಂದು ಕೈಯನ್ನು ಬಾಯಿಗೆ ಹಿಡಿದು ಕೂಗಿದರು: "ಸರ್ವೇ ಅಯ್ಯಾ, ಬಂದ ದಾರೀಲೇ ಸುತ್ತಿ ಬರ್ಬೇಕು! ಎರಡು ಗಂಟೆ ಆಯ್ತದೆ! ನಾನು ಬಾವೀಲಿ ಈಸೋನು, ಆದ್ರೂ ಈ ಮಡುಗೆ ಇಳಿಯಂಗಿಲ್ಲ!"

ಮಗಳು ನನ್ನ ಮುಖ ನೋಡಿದಳು.

ಆ ಕ್ಷಣ ನನಗೆ ಭಯವಾಯಿತು ಎಂದು ಬರೆಯಲು ನಾಚಿಕೆಯಿಲ್ಲ. ಮಡುವಿನ ಅಗಲ ಊರಿನ ಬೀದಿಯಷ್ಟಿತ್ತು, ಆದರೆ ಬೀದಿಗೆ ತಳವಿರುತ್ತದೆ. ಹತ್ತು ವರ್ಷ! ಕೈ ಮರೆತಿದ್ದರೆ? ಕಾಲು ಸೀರೆಯಲ್ಲಿ ಸಿಕ್ಕಿಕೊಂಡರೆ? ಮಗಳ ಕಣ್ಣೆದುರಿಗೇ ಮುಳುಗಿದರೆ?

ಸೀರೆಯನ್ನು ಕಚ್ಚೆ ಹಾಕಿ ಬಿಗಿದೆ. ಸೆರಗನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿದೆ. ಆಚೆ ದಡದಲ್ಲಿ ಗೌಡರು ಮರ್ಯಾದಸ್ಥರು, ತಟ್ಟನೆ ತಿರುಗಿ ಎತ್ತುಗಳನ್ನು ಹೊಡೆದುಕೊಂಡು ಕೆಳಗಿನ ನೀರಿಗೆ ಹೋದರು.

"ಏನ್ ಮಾಡ್ತಿದ್ದೀಯೇ?" ಎಂದರು ಇವರು.

"ಊಟ ತರ್ತೀನಿ."

ಹಾರಿದೆ.

ನೀರು ಐಸಿನಂತಿತ್ತು. ಉಸಿರು ಸಿಕ್ಕಿಕೊಂಡಿತು. ತಲೆ ಮುಳುಗಿ ಕಿವಿಯಲ್ಲೆಲ್ಲ ಭೋರೆಂದು, ಆಯಿತು ಕತೆ ಎಂದುಕೊಳ್ಳುವಷ್ಟರಲ್ಲಿ ಕಾಲು ತನ್ನಷ್ಟಕ್ಕೆ ಒದೆಯಿತು. ನಾನು ಹೇಳಲಿಲ್ಲ, ಅದೇ ಒದೆಯಿತು! ತಲೆ ಮೇಲೆ ಬಂತು. ಕೈ ನೀರನ್ನು ತಳ್ಳಿತು, ಮತ್ತೆ ತಳ್ಳಿತು. ಏನೂ ಮರೆತಿರಲಿಲ್ಲ. ಹತ್ತು ವರ್ಷ ಒಲೆ, ಒನಕೆ, ತೊಟ್ಟಿಲು, ಎಲ್ಲದರ ಕೆಳಗೆ ಅದು ಹಾಗೇ ಇತ್ತು. ನಡುಮಡುವಿನಲ್ಲಿ ನನಗೆ ನಗು ಬಂದು ಒಂದು ಗುಟುಕು ನೀರೂ ಕುಡಿದೆ.

ಆಚೆ ದಡದಲ್ಲಿ ರಂಗಕ್ಕ ಬಾಯಿ ತೆರೆದುಕೊಂಡು ನಿಂತಿದ್ದಳು.

"ಬರೀ ಬಾಯಿ ತೆರೆದ್ರೆ ಸಾಲದು ಅಕ್ಕಾ, ಅನ್ನ ಕೊಡು" ಎಂದೆ.

ಹಿತ್ತಾಳೆ ತಪ್ಪಲೆಯ ತುಂಬ ಹುಳಿಯನ್ನ. ಅದನ್ನು ನೀರಿನ ಮೇಲೆ ತೇಲಿಬಿಟ್ಟು ಒಂದು ಕೈಯಲ್ಲಿ ಮೆಲ್ಲಗೆ ತಳ್ಳುತ್ತಾ, ಇನ್ನೊಂದು ಕೈಯಲ್ಲಿ ಈಜುತ್ತಾ ವಾಪಸು ಬಂದೆ. ಒಂದು ಅಗುಳೂ ಒದ್ದೆಯಾಗಲಿಲ್ಲ. (ಒಂದು ಹಪ್ಪಳ ಒದ್ದೆಯಾಯಿತು, ಅದನ್ನು ಇವರಿಗೆ ಕೊಟ್ಟೆ.) ಮಗಳು ಎರಡೂ ಕೈಯಲ್ಲಿ ತಿಂದಳು, ತಿನ್ನುತ್ತಾ ನನ್ನ ಒದ್ದೆ ಕೂದಲನ್ನೇ ನೋಡಿದಳು. ನೋಡಿ ನೋಡಿ ಕಡೆಗೆ ಕೇಳಿದಳು: "ಅಮ್ಮ, ನಾನೂ ಬರಲಾ?"

ಮತ್ತೆ ಹೋದೆ. ರಂಗಕ್ಕನ ಹತ್ತಿರ ಬಿಂದಿಗೆ, ಸೇದುವ ಹಗ್ಗ ಇಸಿದುಕೊಂಡೆ. ಹಗ್ಗದ ಒಂದು ತುದಿ ಆ ಕಡೆ ರಂಗಕ್ಕನ ಕೈಯಲ್ಲಿ, ಇನ್ನೊಂದು ತುದಿ ಮಗಳ ಸೊಂಟಕ್ಕೆ. ಬಿಂದಿಗೆಯನ್ನು ಬೋರಲು ಹಾಕಿ, ಅದನ್ನು ಅವಳು ಎದೆಗೆ ಅವುಚಿಕೊಳ್ಳುವ ಹಾಗೆ ಮಾಡಿ, ಹಿಂದೆ ನಾನು ತಳ್ಳಿಕೊಂಡು ದಾಟಿಸಿದೆ. ಭಯಕ್ಕೆ ಕಿರುಚಿದಳೋ ಖುಷಿಗೋ ನನಗೆ ತಿಳಿಯಲಿಲ್ಲ. ದಡ ಸೇರಿದ ಮೇಲೆ "ಇನ್ನೊಂದ್ಸಲ" ಎಂದಳು.

ಇವರು? ಇವರು ಗಂಡಸರು. ಮಡುವಿಗೆ ಕಾಲಿಡುವ ಹಾಗಿಲ್ಲ. ಹೊಟ್ಟೆ ತುಂಬ ಊಟ ಮಾಡಿ, ನಕ್ಷೆ ಹಿಡಿದುಕೊಂಡು, ಒಂದೊಂದಾಗಿ ಹಳ್ಳಗಳನ್ನು ಹಿಂದಕ್ಕೆ ಎಣಿಸುತ್ತಾ ಸುತ್ತಿಕೊಂಡು ಬಂದರು.

ಆ ಎರಡು ಗಂಟೆಯನ್ನು ನಾವು ದಂಡ ಮಾಡಲಿಲ್ಲ. ರಂಗಕ್ಕ ಆಚೆ ಈಚೆ ನೋಡಿ, ಸೀರೆ ಬಿಗಿದು, ಬಿಂದಿಗೆ ತಬ್ಬಿಕೊಂಡು ನೀರಿಗಿಳಿದಳು. ಕಾಲು ಬಡಿದಳು. ನೀರು ಕುಡಿದಳು, ನನ್ನನ್ನು ಬೈದಳು, ಮತ್ತೆ ಬಡಿದಳು. ಸಂಜೆಯ ಹೊತ್ತಿಗೆ ಬಿಂದಿಗೆಯ ಜೊತೆ ಹತ್ತು ಮಾರು ಹೋಗಿ ಬಂದಳು. ಕೆಂಚಮ್ಮಜ್ಜಿ ನಗುವುದನ್ನು ಎಂದೋ ನಿಲ್ಲಿಸಿದ್ದರು. ಬಂಡೆಯ ಮೇಲೆ ಕುಳಿತು ಕಾಲನ್ನು ನೀರಿಗೆ ಇಳಿಬಿಟ್ಟು, ನಾವು ನಿಂತಿದ್ದ ಆ ಚಪ್ಪಟೆ ಬಂಡೆಯನ್ನೇ ನೋಡುತ್ತಿದ್ದರು.

"ಮದ್ವೆ ಆಗಿ ಬಂದ ವರ್ಷದಿಂದ ಈ ಮಡು ನೋಡ್ತಾ ಇವ್ನಿ ತಾಯೀ. ಅದ್ರ ಆ ಪಕ್ಕ ಏನದೆ ಅಂತ ಇವತ್ತು ನಿನ್ನ ಕೇಳ್ಬೇಕು, ನೋಡು. ಏನದೆ ಅಲ್ಲಿ?"

"ಏನೂ ಇಲ್ಲ ಅಜ್ಜಿ. ಒಂದು ಬಂಡೆ, ಮುಳ್ಳು ಪೊದೆ."

"ಅದಾದ್ರೂ ಸೈ" ಎಂದರು ಅಜ್ಜಿ. ಆಮೇಲೆ ಮೆಲ್ಲಗೆ, ಸೊಸೆಗೆ ಕೇಳಿಸದ ಹಾಗೆ, "ನಂಗೂ ಒಂದ್ಕಿತ ತೋರುಸ್ತೀಯಾ?"

ಅವರ ಸೊಂಟಕ್ಕೂ ಹಗ್ಗ ಬಿಗಿದೆವು, ಬಿಂದಿಗೆ ಕೊಟ್ಟೆವು. ಬಂಡೆಯವರೆಗೆ ಹೋಗಿ, ಅದನ್ನು ಕೈಯಿಂದ ಮುಟ್ಟಿ ಬಂದರು. ದಡಕ್ಕೆ ಹತ್ತಿದ ಮೇಲೆ ಬಹಳ ಹೊತ್ತು ತಲೆ ಒರೆಸಿಕೊಂಡರು.

ಈಗ ತೇವಾರಂನಲ್ಲಿ ಸುದ್ದಿ ಹಬ್ಬಿದೆ. ಹಬ್ಬಿಸಿದವಳು ನನ್ನ ಮಗಳು. ನೀರು ಸೇದುವ ಕಡೆ, ಹೂವಿನವಳ ಹತ್ತಿರ, ಗುಡಿಯ ಮುಂದೆ, ಕನ್ನಡದಲ್ಲಿ ಒಂದು ಸಲ, ತಮಿಳಿನಲ್ಲಿ ಒಂದು ಸಲ. ಅವಳ ಮಾತಿನಲ್ಲಿ ಮಡು ದಿನಕ್ಕಿಷ್ಟು ಅಗಲವಾಗುತ್ತಿದೆ. ನಾನು ತಿದ್ದಲು ಹೋಗಿಲ್ಲ. ನಿನ್ನೆ ಎದುರು ಮನೆಯ ಮೂವರು ಹೆಂಗಸರು ಬಿಂದಿಗೆ ಹಿಡಿದುಕೊಂಡು ಬಂದಿದ್ದರು, ನೀರು ಕೇಳಲು ಅಲ್ಲ.

ಇವರ ವಿಷಯ ಹೇಳಿ ಮುಗಿಸುತ್ತೇನೆ. ಅವತ್ತು ವಾಪಸು ಬರುವಾಗ ಗಾಡಿಯಲ್ಲಿ ಕಾಲು ನೀವಿಕೊಳ್ಳುತ್ತಾ ಕುಳಿತಿದ್ದರು. ಆಮೇಲೆ ಸ್ವಲ್ಪ ನೊಂದವರ ಹಾಗೆ ಕೇಳಿದರು: "ಇಷ್ಟು ಚೆನ್ನಾಗಿ ಈಜು ಬರುತ್ತೆ ಅಂತ ನಂಗೆ ಒಂದು ಮಾತು ಹೇಳಬಾರದಿತ್ತೇನೇ?"

"ಹೇಳಿದ್ದೆ" ಎಂದೆ. "ಮದುವೆಯಾದ ವಾರವೇ ಹೇಳಿದ್ದೆ. ಆಮೇಲೂ ಹೇಳಿದೆ. ಹತ್ತು ವರ್ಷದಿಂದ ಹೇಳ್ತಾನೇ ಇದ್ದೆ."

ಓದುವ ಗಂಡಸರೇ, ನೀವೇ ಹೇಳಿ: ನಮ್ಮ ಮಾತು ನಿಮ್ಮ ಕಿವಿಗೆ ಬೀಳಬೇಕಾದರೆ ನಾವು ನೀರಿಗೇ ಬೀಳಬೇಕೇ?